ಗುಡಿ, ಬಜಾರು, ಬಾಡಿಗೆ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಬಸವನಗುಡಿಯ ಗಾಂಧಿ ಬಜಾರಿಗೆ ಹೋದವರು ನಡೆಯುವುದಕ್ಕಿಂತ ತಳ್ಳಿಸಿಕೊಳ್ಳುವುದೇ ಹೆಚ್ಚು. ಠಾಗೋರ್ ವೃತ್ತದಿಂದ ರಾಮಕೃಷ್ಣ ಆಶ್ರಮದ ವೃತ್ತದವರೆಗೂ ಸೇವಂತಿಗೆ, ಕನಕಾಂಬರ, ಕಾಕಡದ ರಾಶಿ. ನಡುನಡುವೆ ಬಾಳೆಕಂದು, ಮಾವಿನ ಸೊಪ್ಪು, ತಾವರೆ ಮೊಗ್ಗು, ಮುಳ್ಳು ಬಿಡಿಸದ ಕೇದಗೆ. ಹೂವನ್ನು ಮೊಳದಲ್ಲಿ ಅಳೆಯುವಾಗ ಮಾರುವವಳ ಮೊಳ ಗಿಡ್ಡ ಎಂಬ ತಕರಾರು ಇಲ್ಲಿ ತಲೆಮಾರುಗಳಿಂದ ನಡೆದಿದೆ. 'ಇನ್ನೊಂದು ಗೇಣು ಬಿಡಮ್ಮ' ಎಂದರೆ 'ಹಬ್ಬದ ದಿನ ಚೌಕಾಸಿ ಮಾಡ್ಬೇಡಿ ಅಕ್ಕಾ' ಎಂಬ ಉತ್ತರ ತಯಾರಾಗಿರುತ್ತದೆ. ಕೊನೆಗೆ ಗೇಣು ಸಿಗುತ್ತದೆ, ಅರಿಶಿನ ಕುಂಕುಮಕ್ಕೆ ಪಕ್ಕದ ಗ್ರಂಧಿಗೆ ಅಂಗಡಿಯ ದಾರಿಯೂ ಸಿಗುತ್ತದೆ.

ತಿಲಕ್ ನಗರ, ಬಿಟಿಎಂ ಬಡಾವಣೆ, ಜಯನಗರದ ಕೊನೆಯ ಬ್ಲಾಕುಗಳವರಿಗೆ ಹೂವು ಹಣ್ಣಿಗಾಗಿ ಇಷ್ಟು ದೂರ ಬರಬೇಕಾದ ಅಗತ್ಯವೇನೂ ಇಲ್ಲ. ತಿಲಕ್ ನಗರದ ರಸ್ತೆಗಳಲ್ಲೇ ಎಲ್ಲ ಸಿಗುತ್ತದೆ, ಹತ್ತು ಹೆಜ್ಜೆ ಮುಂದೆ ಹೋದರೆ ಜಯನಗರ ನಾಲ್ಕನೇ ಬ್ಲಾಕಿದೆ. ಆದರೂ ದೊಡ್ಡ ಹಬ್ಬ ಬಂದರೆ ಮನೆಯ ಹಿರಿಯರ ಕಾಲು ಬಸವನಗುಡಿಯ ಕಡೆಗೇ ತಿರುಗುತ್ತದೆ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ಟ್ರಾಫಿಕ್ಕಿನ ನೆಪವನ್ನೂ ಹೇಳುವಂತಿಲ್ಲ. ಜಯದೇವ ಆಸ್ಪತ್ರೆ ನಿಲ್ದಾಣದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಮುಂದಿನದು ನಡಿಗೆಯ ದಾರಿ.

ಗುಡಿಯಿದ್ದಲ್ಲಿ ಅಂಗಡಿ ಹುಟ್ಟುವುದು ಹೊಸ ಸಂಗತಿಯಲ್ಲ. ಉಡುಪಿಯ ರಥಬೀದಿಯಲ್ಲಿ, ಗೋಕರ್ಣದಲ್ಲಿ, ಮೇಲುಕೋಟೆಯಲ್ಲಿ ಎಲ್ಲೆಡೆಯೂ ದೇವರ ದರ್ಶನಕ್ಕೂ ಕೈಚೀಲಕ್ಕೂ ನಂಟಿದೆ. ಆದರೆ ಆ ಅಂಗಡಿಯವರು ಅಲ್ಲಿ ಯಾರ ಅಪ್ಪಣೆಯಿಂದ ಕೂತಿದ್ದಾರೆ, ನಾಳೆಯೂ ಕೂರಬಲ್ಲರೆ ಎಂಬುದನ್ನು ಕೊಳ್ಳುವವರು ಕೇಳುವುದು ಕಡಿಮೆ. ಬಸವನಗುಡಿಯಲ್ಲಿ ಈಗ ಕೇಳಬೇಕಾಗಿರುವುದು ಅದನ್ನೇ.

ದೊಡ್ಡ ಬಸವನ ಗುಡಿಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರು ಎಂಬುದು ಪ್ರಚಲಿತ ಹೇಳಿಕೆ. ಒಂದೇ ಬಂಡೆಯಲ್ಲಿ ಕಡೆದ ನಂದಿ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಎಣ್ಣೆ ಮೆತ್ತಿ ಮೆತ್ತಿ ಕಪ್ಪಾಗಿ ಮಿರುಗುತ್ತದೆ. ಕೆಳಗಡೆ ದೊಡ್ಡ ಗಣಪತಿ. ಇವನಿಗೆ ಬೆಣ್ಣೆ ಅಲಂಕಾರ ಮಾಡಿದ ದಿನ ನೋಡಲೆಂದೇ ಬರುವವರಿದ್ದಾರೆ. ವೃಷಭಾವತಿ ನದಿ ಹುಟ್ಟುವುದು ಈ ಬಸವನ ಪಾದದಲ್ಲಿ ಎಂಬ ನಂಬಿಕೆ ಉಂಟು. ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಆ ನದಿಯನ್ನು ದಾಟುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ಬಸವನೂ ನಂಬಲಾರ.

ಆಗ ಇದು ಸುಂಕೇನಹಳ್ಳಿ. ಊರಿನ ಹೊರಗಿನ ಹೊಲ, ಬಂಡೆ, ಕುರುಚಲು. ಬಡಾವಣೆ ಬಂದದ್ದು ಬಹಳ ತಡವಾಗಿ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. ಪೇಟೆಯ ಇಕ್ಕಟ್ಟು ಓಣಿಗಳನ್ನು ಬಿಟ್ಟು ಜನ ಗುಳೆ ಎದ್ದರು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ, ಎರಡೂ ಗುಡಿಗಳ ಹೆಸರಿನಲ್ಲಿ ಗಾಳಿ ಬೆಳಕಿರುವ ನೇರ ರಸ್ತೆಗಳಾಗಿ ಬೆಳೆದವು. ಸಾವಿಗೆ ಹೆದರಿ ಓಡಿ ಬಂದವರು ಕಟ್ಟಿಕೊಂಡ ನೆಮ್ಮದಿಯ ಊರಿದು. ಇಂದು ಬಸವನಗುಡಿಯ ಹಳೆಯತನವನ್ನು ಹೊಗಳುವಾಗ ಈ ಭಾಗವನ್ನು ಮರೆಯುತ್ತೇವೆ. ಮನೆಗಳು ಬಂದ ಮೇಲೆ ತರಕಾರಿ, ಹೂವು, ದಿನಸಿ ಬಂದವು. ಹೊಸ ಬಡಾವಣೆಯ ಹೊಟ್ಟೆಗೂ ಹಳೆಯ ಗುಡಿಯ ಪೂಜೆಗೂ ಸರಕು ಒದಗಿಸುವ ಬೀದಿ ಹೀಗೆ ತಯಾರಾಯಿತು.

ಗುಡಿಯ ನೆರಳಿನಲ್ಲಿ ಅದಕ್ಕಿಂತ ಹಳೆಯ ಸಂತೆಯೊಂದಿದೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ. ಕತೆ ಎಲ್ಲರಿಗೂ ಗೊತ್ತು. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ, ಮಾವಳ್ಳಿ ಸುತ್ತಿನ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಹೊತ್ತು ಬಸವನೊಂದು ನುಗ್ಗಿ ಮೇಯುತ್ತಿತ್ತು. ಕಾದು ಕೂತ ರೈತರು ಹೊಡೆದು ಓಡಿಸಿದರು, ಅದು ಗುಡ್ಡದ ಮೇಲೆ ಕಲ್ಲಾಯಿತು. ತಪ್ಪಾಯಿತೆಂದು ಗುಡಿ ಕಟ್ಟಿ, ಮೊದಲ ಫಸಲನ್ನು ಬಸವನಿಗೆ ಅರ್ಪಿಸುತ್ತೇವೆಂದು ಹರಸಿಕೊಂಡರು. ಕಲ್ಲಾದ ಮೇಲೂ ಬಸವ ಬೆಳೆಯುತ್ತಲೇ ಇದ್ದನಂತೆ, ಅದನ್ನು ತಡೆಯಲು ತಲೆಯ ಮೇಲೆ ತ್ರಿಶೂಲ ಇಟ್ಟರಂತೆ.

ಇಲ್ಲೊಂದು ಸಣ್ಣ ತೊಡಕಿದೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ, 16ನೇ ಶತಮಾನದಲ್ಲಿ ಅದು ಏಷ್ಯಾದ ಕಡೆಗೆ ಬಂತೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. 1537ರ ಹೊತ್ತಿಗೆ ಅದು ಕರಾವಳಿ ದಾಟಿ, ಘಟ್ಟ ಹತ್ತಿ, ಸುಂಕೇನಹಳ್ಳಿಯ ಹೊಲ ತುಂಬಿ, ಬಸವನ ಬಾಯಿಗೆ ರುಚಿ ಹತ್ತಿಸಿತ್ತೆ? ಅನುಮಾನ. ಬಹುಶಃ ಗುಡಿ ಮೊದಲು, ಕಡಲೆಕಾಯಿ ಆಮೇಲೆ, ಕತೆ ಎಲ್ಲಕ್ಕಿಂತ ಕೊನೆಗೆ. ಇದರಿಂದ ಪರಿಷೆಯ ಕಳೆಯೇನೂ ಕುಂದುವುದಿಲ್ಲ. ಹೊಸ ಬೆಳೆಯೊಂದಕ್ಕೆ ದೇವರ ಹತ್ತಿರವೇ ಜಾಗ ಹಿಡಿದುಕೊಟ್ಟ ರೈತರ ಜಾಣ್ಮೆಗೆ ಕೈ ಮುಗಿಯಬೇಕು.

ಪರಿಷೆಯ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯ ರೂಪವೇ ಬೇರೆ. ಮಾಗಡಿ, ಕೋಲಾರ, ಚಿಂತಾಮಣಿ, ತುಮಕೂರು ಸೀಮೆಯಿಂದ, ಆಂಧ್ರ ಮತ್ತು ತಮಿಳುನಾಡಿನಿಂದ ಮೂಟೆಗಳು ಬಂದು ಇಳಿಯುತ್ತವೆ. ಹಸಿಯದು, ಹುರಿದದ್ದು, ಬೇಯಿಸಿದ್ದು ಬೇರೆ ಬೇರೆ ಗುಡ್ಡೆ. ತೂಕದ ಯಂತ್ರಕ್ಕೆ ಇಲ್ಲಿ ಕೆಲಸ ಕಡಿಮೆ, ಸೇರಿನಲ್ಲಿ ಅಳೆದು ತಲೆ ಕಟ್ಟಿ ಸುರಿಯುತ್ತಾರೆ. ಬೆಂಡು, ಬತ್ತಾಸು, ಕಲ್ಯಾಣಸೇವೆ, ಕಡಲೆಪುರಿ, ಗಾಜಿನ ಬಳೆ, ಮಣ್ಣಿನ ಗೊಂಬೆ, ಮಕ್ಕಳ ಪೀಪಿ. ಸೋಮವಾರದ ಒಂದು ದಿನದ ಜಾತ್ರೆ ಈಗ ಹಿಂದಿನ ವಾರಾಂತ್ಯಕ್ಕೇ ಶುರುವಾಗಿ ಇನ್ನೂ ಕೆಲವು ದಿನ ಹಿಗ್ಗುತ್ತದೆ. ಐಟಿ ಕಂಪನಿಯ ಹುಡುಗ ಹುಡುಗಿಯರು ಸೆಲ್ಫಿಗೆ ಬರುತ್ತಾರೆಂದು ಮೂಗು ಮುರಿಯುವವರಿದ್ದಾರೆ. ಬರಲಿ, ಒಂದು ಸೇರು ಕಡಲೆಕಾಯಿ ಕೊಂಡರೆ ಸೆಲ್ಫಿ ಮಾಫಿ.

ಗುಡಿ ಪಕ್ಕದ ಅಂಗಡಿ ಬೀದಿ ಎಂದರೆ ಜಪಾನಿನವರಿಗೆ ಮೊದಲು ನೆನಪಾಗುವುದು ಟೋಕಿಯೊದ ಅಸಾಕುಸಾ. ಅಲ್ಲಿನ ಸೆನ್ಸೋಜಿ ಬೌದ್ಧ ದೇಗುಲದ ಮುಂದೆ ನೇರವಾಗಿ ಹಾಯುವ ನಾಕಾಮಿಸೆ ಸುಮಾರು 250 ಮೀಟರ್ ಉದ್ದದ ಬೀದಿ, ಅಕ್ಕಪಕ್ಕ ಸುಮಾರು 90 ಪುಟ್ಟ ಅಂಗಡಿ. ಸೆನ್ಸೋಜಿಯ ಕತೆಯೂ ದುಡಿಯುವವರಿಂದಲೇ ಶುರುವಾಗುವುದು ಸ್ವಾರಸ್ಯ. 628ರಲ್ಲಿ ಸುಮಿದಾ ನದಿಯಲ್ಲಿ ಬಲೆ ಬೀಸಿದ ಇಬ್ಬರು ಅಣ್ಣತಮ್ಮಂದಿರಿಗೆ ಮೀನಿನ ಬದಲು ಕನ್ನೋನ್ ವಿಗ್ರಹ ಸಿಕ್ಕಿತಂತೆ. ಕನ್ನೋನ್ ಎಂದರೆ ನಮ್ಮ ಅವಲೋಕಿತೇಶ್ವರನೇ, ಪೂರ್ವ ಏಷ್ಯಾಕ್ಕೆ ಹೋಗಿ ಹೆಣ್ಣಿನ ರೂಪ ತಾಳಿದವನು. ಇಲ್ಲಿ ರೈತರು, ಅಲ್ಲಿ ಬೆಸ್ತರು. ಆ ಬೆಸ್ತರಿಬ್ಬರನ್ನೂ ಊರ ಮುಖ್ಯಸ್ಥನನ್ನೂ ದೇವರಾಗಿಸಿ ಪ್ರತಿ ಮೇ ತಿಂಗಳು ಸಂಜಾ ಉತ್ಸವ ಮಾಡುತ್ತಾರೆ.

ಬೀದಿಯ ಬಾಯಲ್ಲಿ ಕಾಮಿನಾರಿಮೋನ್ ಎಂಬ ಸಿಡಿಲ ಹೆಬ್ಬಾಗಿಲು. ಅದಕ್ಕೆ ತೂಗುಬಿದ್ದ ಕೆಂಪು ಕಾಗದದ ಗುಡಾಣ ದೀಪ 3.9 ಮೀಟರ್ ಎತ್ತರ, 700 ಕಿಲೊ ತೂಕ. 1865ರಲ್ಲಿ ಸುಟ್ಟುಹೋಗಿದ್ದ ಬಾಗಿಲು ಮತ್ತೆ ಎದ್ದದ್ದು 1960ರಲ್ಲಿ, ಪ್ಯಾನಸೋನಿಕ್ ಸ್ಥಾಪಕ ಮತ್ಸುಶಿತಾ ಕೊನೊಸುಕೆ ಕೊಟ್ಟ ಕಾಣಿಕೆಯಿಂದ. ದಾಟಿ ಒಳಗೆ ಹೋದರೆ ಬೀಸಣಿಗೆ, ಕೈವಸ್ತ್ರ, ಗೊಂಬೆ ಆಕಾರದ ಅಚ್ಚಿನಲ್ಲಿ ಬೇಯಿಸಿದ ಕೆಂಪು ಕಾಳಿನ ಹೂರಣದ ನಿಂಗ್ಯೋಯಾಕಿ. ಕನ್ನಡದ ನಾಲಗೆಗೆ ತಟ್ಟನೆ ಗುರುತು ಸಿಗುವ ತಿಂಡಿ ಕಾಮಿನಾರಿ ಒಕೋಶಿ. ಅಕ್ಕಿಯನ್ನು ಅರಳಿಸಿ, ಪಾಕ ಹಿಡಿದು, ಹಲವು ಕಡೆ ಕಡಲೆಬೀಜವನ್ನೂ ಸೇರಿಸಿ ಕತ್ತರಿಸಿದ ಬಿಲ್ಲೆ. ಪರಿಷೆಯ ಪುರಿ ಉಂಡೆಯ ದೂರದ ನೆಂಟ. ತಿನ್ನುತ್ತಾ ನಡೆಯುವಂತಿಲ್ಲ, ಕೊಂಡ ಅಂಗಡಿಯ ಮುಂದೆಯೇ ನಿಂತು ಮುಗಿಸಿ ಹೊರಡಬೇಕು ಎಂಬುದು ಅಲ್ಲಿನ ಶಿಸ್ತು. ಕಡಲೆಕಾಯಿ ಸಿಪ್ಪೆಯ ಹಾಸಿನ ಮೇಲೆ ನಡೆದು ಬೆಳೆದ ನಮಗೆ ಅದು ಒಗ್ಗುವುದು ಕಷ್ಟ.

ಪರಿಷೆಯಂಥ ಸಂತೆಯೂ ಅಲ್ಲಿದೆ. ಜುಲೈ 9 ಮತ್ತು 10ರಂದು ಸೆನ್ಸೋಜಿ ಆವರಣದಲ್ಲಿ ಹೋಜುಕಿ ಎಂಬ ಕೆಂಪು ಬುಡ್ಡೆ ಕಾಯಿಯ ಗಿಡಗಳ ಮಾರಾಟ. ಆ ದಿನ ದರ್ಶನ ಮಾಡಿದರೆ 46,000 ದಿನಗಳ ದರ್ಶನದ ಪುಣ್ಯವಂತೆ. ಲೆಕ್ಕ ಹಾಕಿದರೆ 126 ವರ್ಷ! ಪುಣ್ಯದ ರಿಯಾಯಿತಿ ಮಾರಾಟದಲ್ಲಿ ಯಾವ ಧರ್ಮವೂ ಹಿಂದೆ ಬಿದ್ದಿಲ್ಲ.

ಆದರೆ ನಾಕಾಮಿಸೆಯಿಂದ ಬೆಂಗಳೂರಿಗೆ ಬೇಕಾದ ಪಾಠ ತಿಂಡಿಯದಲ್ಲ, ಜಾಗದ್ದು. ಅಲ್ಲಿ ಅಂಗಡಿ ಇಡುವ ಹಕ್ಕು ಹುಟ್ಟಿದ್ದು ಪೊರಕೆಯಿಂದ. 17ನೇ ಶತಮಾನದ ಕೊನೆಯ ಹೊತ್ತಿಗೆ ದೇಗುಲದ ಆವರಣ ಗುಡಿಸುವ ಹೊಣೆ ಹೊತ್ತಿದ್ದ ಅಕ್ಕಪಕ್ಕದ ಜನರಿಗೆ ಅದರ ಪ್ರತಿಯಾಗಿ ದಾರಿ ಬದಿಯಲ್ಲಿ ವ್ಯಾಪಾರ ಮಾಡುವ ಅಪ್ಪಣೆ ಸಿಕ್ಕಿತು. ಎರಡು ಶತಮಾನ ಕಳೆಯುವಷ್ಟರಲ್ಲಿ ಸರ್ಕಾರ ಬದಲಾಯಿತು, ದೇಗುಲದ ಜಮೀನು ಕೈ ತಪ್ಪಿತು. 1885ರ ಮೇ ತಿಂಗಳಲ್ಲಿ ಟೋಕಿಯೊ ಆಡಳಿತ ಎಲ್ಲ ಅಂಗಡಿಯವರನ್ನೂ ಎಬ್ಬಿಸಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಇಟ್ಟಿಗೆಯ ಹೊಸ ಮಳಿಗೆಗಳು ಸಿದ್ಧವಾಗಿದ್ದವು. ಮೇನಲ್ಲಿ ಎಬ್ಬಿಸಿ ಡಿಸೆಂಬರಿಗೆ ಕಟ್ಟಿ ಮುಗಿಸಿದ್ದನ್ನು ನಮ್ಮ ಗುತ್ತಿಗೆದಾರರು ಎರಡು ಸಲ ಓದಿಕೊಳ್ಳಲಿ. 1923ರ ಮಹಾ ಭೂಕಂಪಕ್ಕೆ ಆ ಇಟ್ಟಿಗೆ ಕುಸಿಯಿತು, 1925ರಲ್ಲಿ ಕಾಂಕ್ರೀಟಿನದು ಬಂತು. 1945ರ ಬಾಂಬಿಗೆ ದೇಗುಲವೂ ಬೀದಿಯೂ ಬೆಂದವು, ಮತ್ತೆ ಎದ್ದವು.

ಬೆಂಕಿಗೂ ಭೂಕಂಪಕ್ಕೂ ಜಗ್ಗದ ಬೀದಿಯನ್ನು ನಡುಗಿಸಿದ್ದು ಬಾಡಿಗೆಯ ಪತ್ರ. ನೆಲ ದೇಗುಲದ್ದು, ಕಟ್ಟಡ ಟೋಕಿಯೊ ಆಡಳಿತದ್ದು ಎಂಬ ವ್ಯವಸ್ಥೆ ಬಹುಕಾಲ ನಡೆದಿತ್ತು, ಬಾಡಿಗೆಯೂ ಅಗ್ಗವಾಗಿತ್ತು. 2017ರಲ್ಲಿ ದೇಗುಲ ಕಟ್ಟಡಗಳನ್ನೂ ಕೊಂಡುಕೊಂಡಿತು. ಬಾಡಿಗೆಯನ್ನು ಸುಮಾರು 16 ಪಟ್ಟು ಏರಿಸುವುದಾಗಿ ಹೇಳಿತು. ಪೇಟೆ ದರಕ್ಕೆ ಇದೇ ಸಮ ಎಂಬುದು ಅದರ ವಾದ, ಹೀಗಾದರೆ ತಲೆಮಾರುಗಳ ಕಸುಬಿನ ಅಂಗಡಿ ಮುಚ್ಚಿ ಸರಪಳಿ ಅಂಗಡಿ ಬರುತ್ತದೆ ಎಂಬುದು ವ್ಯಾಪಾರಿಗಳ ಅಳಲು. ಒಟ್ಟಿಗೇ ಹೇರದೆ ವರ್ಷ ವರ್ಷ ಹಂತಹಂತವಾಗಿ ಏರಿಸುವ ರಾಜಿಗೆ ಬಂದರು. ದೇವರ ಅಂಗಳವಾದರೂ ಚದರಡಿಯ ಲೆಕ್ಕ ತಪ್ಪುವುದಿಲ್ಲ.

ಗಾಂಧಿ ಬಜಾರಿನ ಲೆಕ್ಕ ಇನ್ನೂ ಸಿಕ್ಕುಸಿಕ್ಕು. ಇಲ್ಲಿ ಎರಡು ಬಜಾರುಗಳಿವೆ. ಗೋಡೆ, ಬಾಗಿಲು, ಪರವಾನಗಿ ಇರುವ ಬಜಾರೊಂದು. ಅದರ ಹೊಸ್ತಿಲಿನಿಂದಾಚೆ ಗೋಣಿತಾಟು ಹಾಸಿಕೊಂಡ ಬಜಾರು ಇನ್ನೊಂದು.

ಮೊದಲನೆಯದರ ಹೆಮ್ಮೆಯ ಹೆಸರುಗಳು ಎಲ್ಲರ ಬಾಯಲ್ಲಿವೆ. 1943ರಲ್ಲಿ ವೆಂಕಟರಮಣ ಉರಾಳರು ಆರಂಭಿಸಿದ ವಿದ್ಯಾರ್ಥಿ ಭವನ ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರ ಹೊಟ್ಟೆಗೆಂದು ಹುಟ್ಟಿದ್ದು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಪಂಚೆಯುಟ್ಟ ಮಾಣಿ ಒಂದೇ ಕೈಯ ಮೇಲೆ ಮಸಾಲೆ ದೋಸೆಯ ತಟ್ಟೆಗಳನ್ನು ಭುಜದವರೆಗೆ ಪೇರಿಸಿಕೊಂಡು ಬರುವ ದೃಶ್ಯಕ್ಕೆ ಕಾಯುವ ಸಾಲು ಇಂದಿಗೂ ಬೀದಿಗೆ ಚಾಚಿರುತ್ತದೆ. ಶುಕ್ರವಾರ ರಜೆ. ಅದು ತಿಳಿಯದೆ ಬಂದು ಬಾಗಿಲು ನೋಡಿ ಮರಳುವವರು ಪ್ರತಿ ವಾರ ಇರುತ್ತಾರೆ.

ಎರಡು ಬಜಾರುಗಳ ನಡುವಿನ ಹೊಸ್ತಿಲು ದಾಟಿದವರಲ್ಲಿ ಸುಬ್ಬಮ್ಮನವರ ಕತೆ ದೊಡ್ಡದು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಆಕೆ ಬದುಕಿಗಾಗಿ ಹಪ್ಪಳ ಒತ್ತಿ ಮನೆಮನೆಗೆ ಹೊತ್ತು ಮಾರಿದರು. 1940ರ ದಶಕದ ಕೊನೆಗೆ ಗಾಂಧಿ ಬಜಾರಿನಲ್ಲಿ ಸಣ್ಣ ಅಂಗಡಿ ಇಟ್ಟರು. ಹಪ್ಪಳ, ಸಂಡಿಗೆ, ಚಕ್ಕುಲಿ, ಕೋಡುಬಳೆ, ಪುಡಿ, ಉಪ್ಪಿನಕಾಯಿ ತುಂಬಿದ 'ಸುಬ್ಬಮ್ಮನ ಅಂಗಡಿ'ಯಿಂದ ಪೊಟ್ಟಣ ಕಟ್ಟಿಸಿಕೊಂಡು ಅಮೆರಿಕದ ವಿಮಾನ ಹತ್ತುವವರಿಗೆ ಲೆಕ್ಕವಿಲ್ಲ. ಅಂದು ಬೀದಿ ತಿರುಗುವ ಒಬ್ಬ ಹೆಣ್ಣುಮಗಳಿಗೆ ಈ ರಸ್ತೆ ಜಾಗ ಕೊಟ್ಟಿತ್ತು ಎಂಬುದನ್ನು ಗಮನಿಸಬೇಕು.

ಬೀದಿಗೆ ಬರವಣಿಗೆಯ ನಂಟೂ ಗಟ್ಟಿ. ಡಿವಿಜಿ ಹೆಸರಿನ ರಸ್ತೆ ಬಜಾರನ್ನು ಹಾಯ್ದು ಹೋಗುತ್ತದೆ. ಗವಿಪುರದ ಮನೆಯಿಂದ ಕೊಡೆ ಹಿಡಿದು ಬಸವನಗುಡಿ ಕ್ಲಬ್ಬಿಗೆ ನಡೆಯುತ್ತಿದ್ದ ಮಾಸ್ತಿಯವರನ್ನು ಕಂಡ ಹಿರಿಯರು ಈಗಲೂ ಇದ್ದಾರೆ. ಪಿ. ಲಂಕೇಶರ ಪತ್ರಿಕೆ ಕಚೇರಿಯೂ ಬಸವನಗುಡಿಯಲ್ಲೇ ಇತ್ತು. ಅಂಕಿತ ಪುಸ್ತಕದಲ್ಲಿ ಕನ್ನಡದ ಹೊಸ ಪುಸ್ತಕ ನೋಡುತ್ತಾ ನಿಂತವರಿಗೆ ಹೊರಗಿನ ಮಲ್ಲಿಗೆಯ ವಾಸನೆ ಪುಕ್ಕಟೆ. ಎಲ್ಲಕ್ಕಿಂತ ಮಿಗಿಲಾಗಿ ಕೆ.ಎಸ್. ನಿಸಾರ್ ಅಹಮದ್ 1960ರಲ್ಲಿ ತಂದ ತಮ್ಮ ಮೊದಲ ಕವನ ಸಂಕಲನಕ್ಕೆ ಇಟ್ಟ ಹೆಸರು 'ಮನಸು ಗಾಂಧಿಬಜಾರು'. ಬೆಂಗಳೂರಿನ ಬೇರಾವ ರಸ್ತೆಗೂ ಇಂಥ ಸನ್ಮಾನ ಸಿಕ್ಕಂತಿಲ್ಲ. ಆ ಪುಸ್ತಕದ ಹೆಸರನ್ನು ಓದುಗರು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಲಿ, ಕಾನೂನಿನ ಕೆಲಸಕ್ಕೆ ಬರುತ್ತದೆ.

2022ರ ಕೊನೆಯಲ್ಲಿ ಈ ರಸ್ತೆಯನ್ನು ಅಗೆದರು. ನಗರ ಭೂಸಾರಿಗೆ ನಿರ್ದೇಶನಾಲಯ ಮತ್ತು ಆಗಿನ ಬಿಬಿಎಂಪಿಯ ಪುನರಭಿವೃದ್ಧಿ ಯೋಜನೆ. ಕಲ್ಲುಹಾಸು, ಅಗಲದ ಪಾದಚಾರಿ ಮಾರ್ಗ, ಬಹುಮಹಡಿ ಪಾರ್ಕಿಂಗ್. ವಾಹನಗಳನ್ನು ಪೂರ್ತಿ ಹೊರಗಿಡುವ ವಿಚಾರವೂ ಇತ್ತು, ಅಂಗಡಿಕಾರರೂ ನಿವಾಸಿಗಳೂ ವಿರೋಧಿಸಿದರು. ಕಾಮಗಾರಿ ಎಳೆದಷ್ಟು ಕಾಲ ಧೂಳಿನಲ್ಲಿ ಗಿರಾಕಿ ಬರುತ್ತಿಲ್ಲವೆಂದು ಅಂಗಡಿಯವರು ದೂರಿದರು. ತಾವು ಕೂರುವ ಜಾಗ ಎಲ್ಲಿ ಎಂದು ಹೂವಿನವರು, ಹಣ್ಣಿನವರು ಕೇಳಿದರು. ನಡೆಯುವವರಿಗೆ ದಾರಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪಾದಚಾರಿ ಮಾರ್ಗ ಅಗಲವಾದದ್ದು ಯಾರಿಗಾಗಿ? ಹೂವು ಕೊಳ್ಳಲು ಬಂದವರಿಗೆ ದಾರಿ ಮಾಡಲು ಹೂವಿನವಳನ್ನೇ ಎಬ್ಬಿಸಿದರೆ ಅಲ್ಲಿ ಉಳಿಯುವುದು ಬರೀ ಕಲ್ಲುಹಾಸು.

ಇದಕ್ಕೆ ಕರುಣೆಯ ಮಾತು ಬೇಕಿಲ್ಲ, ಕಾನೂನೇ ಇದೆ. 2014ರ ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯ್ದೆಯ ಪ್ರಕಾರ ಪ್ರತಿ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಬೇಕು, ಗುರುತಿಸಿದವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಬೀದಿ ವ್ಯಾಪಾರಿಗಳದ್ದೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. 30 ದಿನಗಳ ನೋಟಿಸ್ ಇಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಪುಟದ ಮೂಲೆಯಲ್ಲಿ ಕೂತಿರುವ ಇನ್ನೊಂದು ಮಾತಿದೆ. ಬೀದಿ ವ್ಯಾಪಾರಿಗಳು 50 ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರ ನಡೆಸಿರುವ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ಬೀದಿ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು.

ಗಾಂಧಿ ಬಜಾರಿಗೆ 50 ವರ್ಷ ಆಗಿದೆಯೇ ಎಂದು ಯಾವ ಅಧಿಕಾರಿಗಾದರೂ ಅನುಮಾನ ಬಂದರೆ ಸಾಕ್ಷಿಗೆ ನಿಸಾರರ ಪುಸ್ತಕ ಸಾಲದೆ? 1960ರಲ್ಲೇ ಕವಿಯೊಬ್ಬ ಮನಸ್ಸಿನ ಗದ್ದಲಕ್ಕೆ ಈ ಬೀದಿಯ ಹೆಸರು ಕೊಡಬೇಕಾದರೆ ಅಂದಿಗೇ ಇಲ್ಲಿ ಸಂತೆ ನೆರೆಯುತ್ತಿತ್ತೆಂದೇ ಅರ್ಥ. ನಾಕಾಮಿಸೆಯವರಂತೆ ಬಾಡಿಗೆಯ ಪತ್ರ ಕೈಗೆ ಬರುವವರೆಗೆ ಕಾಯುವುದು ಬೇಡ. ಮುಂದಿನ ಕಾರ್ತಿಕ ಸೋಮವಾರ ಬಟ್ಟೆ ಚೀಲ ಹಿಡಿದು ಪರಿಷೆಗೆ ಬರುವ ಓದುಗರು, ಬಸವನಿಗೆ ಕಡಲೆಕಾಯಿ ಅರ್ಪಿಸಿದ ಮೇಲೆ ತಮ್ಮ ಶಾಸಕರಿಗೂ ಪಾಲಿಕೆಗೂ ಒಂದು ಅರ್ಜಿ ಹಾಕಲಿ. ಗಾಂಧಿ ಬಜಾರನ್ನು ಆ ಅನುಸೂಚಿಯ ಪ್ರಕಾರ ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಿ, ಫಲಕ ಹಾಕುವ ಮೊದಲು ಅಲ್ಲಿ ಕೂರುವವರ ಹೆಸರು ಬರೆದುಕೊಳ್ಳಿ ಎಂದು.